ಮಾಣಿಯ ಚಟುವಟಿಕೆ ಪುಸ್ತಕ: ದೊಡ್ಡಮ್ಮನ ಉತ್ತರ

ಪುಟ್ಟಿ, ದೊಡ್ಡಮ್ಮ ಮಾತನಾಡುವುದು. ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ಮೂರೂವರೆ ವರ್ಷದ ಮಗ ಮಾಣಿಗೆ ಚಟುವಟಿಕೆ ಪುಸ್ತಕ ತಂದುಕೊಟ್ಟೆ, ಎರಡು ಪುಟ ತಿದ್ದಿ ಮೂರನೆಯದನ್ನು ಹರಿದು ಹಾಕಿದ, ಇನ್ನು ಯಾವುದನ್ನು ತರಲಿ ಎಂದು ಕೇಳಿದ್ದೀಯಲ್ಲ. ಅದರ ಕೆಳಗೆ ನಿನ್ನ ಸೋದರಮಾವ, ಎಲ್‌ಕೆಜಿಗೆ ಮೊದಲೇ ಅಕ್ಷರ ಬರೆಯದಿದ್ದರೆ ಹಿಂದೆ ಬೀಳುತ್ತಾನೆ ಎಂದು ಹೆದರಿಸಿದ್ದಾನೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾದೀತು, ಬಾಯಲ್ಲೇ ಹೇಳುತ್ತೇನೆ. ನಡುವೆ ಕೇಳುವ ಸದ್ದು ಮಳೆಯದು. ಉಡುಪಿಯಲ್ಲಿ ನಿನ್ನೆಯಿಂದ ಬಿಟ್ಟೇ ಇಲ್ಲ.

ಹರಿದದ್ದಕ್ಕೆ ಅವನನ್ನು ಬೈಯಬೇಡ ಮಾರಾಯ್ತಿ. ಆ ಪುಟವನ್ನು ದೊಡ್ಡದು ಮಾಡಿ ನೋಡಿದೆ. ಒಂದೇ ‘ಅ’, ಚುಕ್ಕಿ ಚುಕ್ಕಿಯಾಗಿ ಇಪ್ಪತ್ತು ಸಲ! ನಾನಾದರೂ ಹರಿಯುತ್ತಿದ್ದೆ. ಸರಕಾರಿ ಶಾಲೆಯಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಕೂಡ ಅಕ್ಷರ ಶುರುವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ತಿರುವು ಸುಲಭ, ಐದು ಬಂದರೆ ಸರ, ಅಗಸ, ಅರಸ ಎಂದು ಓದಿ ಖುಷಿಪಡಬಹುದು. ಅದೂ ಒಂದನೇ ತರಗತಿಯ ಮಕ್ಕಳಿಗೆ. ನಮ್ಮ ಮಾಣಿಯ ಕೈ ಇನ್ನೂ ಅಲ್ಲಿಗೆ ಬಂದಿಲ್ಲ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆಯಲ್ಲ, ಹುಟ್ಟುವಾಗ ಅವು ಬರೀ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಬೇಕು. ಅವನು ಪೆನ್ಸಿಲನ್ನು ಸೌಟಿನಂತೆ ಮುಷ್ಟಿಯಲ್ಲಿ ಹಿಡಿಯುವುದು ಉದಾಸೀನದಿಂದಲ್ಲ.

ಪುಟ್ಟಿಯನ್ನು ಹೆದರಿಸಿದ ತಮ್ಮಾ, ನೀನೂ ಕೇಳುತ್ತಿರಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಹೇಳಿ, ಆಟದ ಮೂಲಕ ಕಲಿಸಿ ಎನ್ನುತ್ತದೆ. ಮತ್ತೆ, ನೀನು ಮೂರನೇ ತರಗತಿಯವರೆಗೆ ‘ಳ’ವನ್ನು ತಿರುಗಿಸಿ ಬರೆಯುತ್ತಿದ್ದೆ. ಈಗ ಬ್ಯಾಂಕಿನಲ್ಲಿ ಕೂತು ಊರಿನ ಸಾಲಕ್ಕೆಲ್ಲ ಸಹಿ ಹಾಕುತ್ತಿಲ್ಲವೇ?

ಪುಟ್ಟಿ, ಈ ಸಲ ಸ್ಟಿಕ್ಕರ್ ಇರುವ ಪುಸ್ತಕ ತೆಗೆದುಕೋ. ಹೆಬ್ಬೆರಳು, ತೋರುಬೆರಳು ಸೇರಿಸಿ ಸ್ಟಿಕ್ಕರ್ ಎಬ್ಬಿಸುವುದಿದೆಯಲ್ಲ, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದದ್ದು ಅದೇ. ಅಂಗನವಾಡಿಯಲ್ಲಿ ನಾನು ಒಂದು ಉಪಾಯ ಮಾಡುತ್ತಿದ್ದೆ. ಸ್ಟಿಕ್ಕರುಗಳ ಸುತ್ತಲಿನ ಖಾಲಿ ಹಾಳೆಯನ್ನು ಮೊದಲೇ ಎಬ್ಬಿಸಿ ತೆಗೆದುಬಿಡುವುದು. ಆಗ ಸ್ಟಿಕ್ಕರುಗಳಷ್ಟೇ ಉಳಿಯುತ್ತವೆ, ಅಂಚು ಸುಲಭವಾಗಿ ಕೈಗೆ ಸಿಗುತ್ತದೆ, ಅರ್ಧದಲ್ಲಿ ಹರಿದು ಅಳುವುದು ತಪ್ಪುತ್ತದೆ. ಬಣ್ಣದ ಕಡ್ಡಿಯನ್ನು ಎರಡು ತುಂಡು ಮಾಡಿ ಕೊಡು. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗುವುದಿಲ್ಲ, ಬೆರಳು ತಾನಾಗಿ ಮುಂದೆ ಬರುತ್ತದೆ. ಹೊಸದನ್ನು ಮುರಿಯಲು ನಿನಗೆ ಹೊಟ್ಟೆ ಉರಿದೀತು, ಮುರಿ. ಕಾಗದ ದಪ್ಪ ಇರಲಿ. ಬರೆದು ಒರೆಸುವ ಪುಸ್ತಕವೂ ಆಗಬಹುದು, ಆದರೆ ಅದೇ ದಿನ ಒರೆಸು, ವಾರ ಬಿಟ್ಟರೆ ಶಾಯಿ ಹೋಗುವುದಿಲ್ಲ. ಆಟಿ ತಿಂಗಳ ಮಳೆಗೆ ಸ್ಟಿಕ್ಕರಿನ ಅಂಚು ಸುರುಟಿಕೊಳ್ಳುತ್ತದೆ, ಬಿಗಿ ಮುಚ್ಚಳದ ಡಬ್ಬದಲ್ಲಿಡು.

ಇನ್ನೊಂದು, ಪುಸ್ತಕ ಕೊಟ್ಟು ನೀನು ಅಡುಗೆಮನೆಗೆ ಹೋಗುವುದಲ್ಲ. ಹತ್ತೇ ನಿಮಿಷವಾದರೂ ಜೊತೆಗೆ ಕೂರು. ಕೂತು ತಿದ್ದಲು ಹೋಗಬೇಡ, ಸುಮ್ಮನೆ ಕೇಳು. ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಬ್ಬ ಹುಡುಗನಿಗೆ ಹುಲಿಗೆ ಬಣ್ಣ ಹಚ್ಚು ಎಂದು ಪುಟ ಕೊಟ್ಟೆ. ಅವನು ಪಟ್ಟೆಗಳನ್ನು ಬಿಟ್ಟು ಮೈತುಂಬ ಕಪ್ಪು ಚುಕ್ಕಿ ಇಟ್ಟ, ಸೊಂಟಕ್ಕೆ ಕೆಂಪು ಚಡ್ಡಿಯನ್ನೂ ಹಾಕಿದ. ಹುಲಿ ಹೀಗಿರುತ್ತದೆಯಾ ಎಂದು ಗದರಿದೆ. ಅವನು ನನ್ನನ್ನೇ ದಡ್ಡಿಯಂತೆ ನೋಡಿ, “ಟೀಚರ್, ಇದು ಅಷ್ಟಮಿಯ ಹುಲಿ, ರಥಬೀದಿಯಲ್ಲಿ ಕುಣಿದದ್ದು” ಎಂದ. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿ ಉತ್ಸವದಲ್ಲಿ, ಅಪ್ಪನ ಹೆಗಲ ಮೇಲೆ ಕೂತು ಚಿಟ್ಟೆ ಹುಲಿಯನ್ನು, ಅಂದರೆ ಮೈಗೆ ಚುಕ್ಕಿ ಬಳಿದ ಹುಲಿವೇಷವನ್ನು, ಕಂಡು ಬಂದಿದ್ದ! ಅಂದಿನಿಂದ, ಇದು ಏನು ಎಂದು ಕೇಳದೆ ನಾನು ಯಾರ ಚಿತ್ರಕ್ಕೂ ಕೈ ಹಾಕಲಿಲ್ಲ.

ಅಂಗಡಿಗೆ ಹೋದಾಗ ಚಿತ್ರಗಳನ್ನೂ ನೋಡು. ಇಗ್ಲೂ, ಹಿಮಮನುಷ್ಯ ತುಂಬಿದ್ದರೆ ಮಾಣಿಗೆ ಹೇಳಲು ಏನೂ ಇರುವುದಿಲ್ಲ. ಹಲಸು, ಬಂಗುಡೆ ಮೀನು, ದೋಣಿ, ಕೊಡೆ ಇದ್ದರೆ ಅವನ ಬಾಯಿ ನಿಲ್ಲುವುದಿಲ್ಲ.

ಹರಿದ ಪುಟವನ್ನು ಬಿಸಾಡಬೇಡ, ಚೂರು ಮಾಡಿಸಿ ಅಂಟಿಸಲು ಕೊಡು. ಭಾನುವಾರ ಬರುವಾಗ ಪುಸ್ತಕವನ್ನೂ ತಾ. ನಾನು ಅಟ್ಟದಿಂದ ಅಜ್ಜಿಯ ಚೆನ್ನೆಮಣೆ, ಅದೇ ಅಳಗುಳಿ ಮಣೆ, ಇಳಿಸಿಡುತ್ತೇನೆ. 14 ಗುಳಿ, ಗುಳಿಗೆ 4 ಕಾಯಿ. ಆಟ ಬಾರದಿದ್ದರೂ ತುಂಬಿಸಿ ಖಾಲಿ ಮಾಡುತ್ತಾ ಮಧ್ಯಾಹ್ನ ಕಳೆಯುತ್ತಾನೆ. ಕಾಯಿಗೆ ಮಂಜೊಟ್ಟಿಯ ಕೆಂಪು ಬೀಜ ಬೇಡ, ನಿನ್ನ ಸಣ್ಣದು ಅಂಬೆಗಾಲಿಡುತ್ತಾ ಬಂದು ಬಾಯಿಗೆ ಹಾಕಿಕೊಂಡೀತು. ದೊಡ್ಡ ಹುಣಸೆ ಬೀಜವೂ ಬೇಡ. ನಿನ್ನ ಹತ್ತಿರ ದೊಡ್ಡ ಗುಂಡಿಗಳು ಇವೆಯಾ, ಕೋಟಿನದು? ಇದ್ದರೆ ತಾ, ಸಣ್ಣದನ್ನು ನಾನು ಎತ್ತಿಕೊಳ್ಳುತ್ತೇನೆ.