ಅಂಗಡಿ, ಬೇಲೂರು, ಬೆಳವಾಡಿ, ಹಳೇಬೀಡು: ಎರಡು ದಿನಕ್ಕೆ ಹೇಗೆ ಹೊಂದಿಸೋದು?

ಹೇಮಾವತಿ_ದಂಡೆ (ಪ್ರಶ್ನೆ)

ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ಹಾಸನದಿಂದ ಕಾರಿನಲ್ಲಿ ಹೊರಡುತ್ತಿದ್ದೇವೆ. ಮಂಡಿನೋವಿರುವ ಅಮ್ಮ, ಏಳನೇ ಕ್ಲಾಸಿನ ಮಗಳು ಜೊತೆಗಿರುತ್ತಾರೆ. ಹೊಯ್ಸಳರ ಮೂಲ ಊರು ಅಂಗಡಿಯಿಂದ ಶುರುಮಾಡಿ ಹಳೇಬೀಡಿನಲ್ಲಿ ಮುಗಿಸುವ ಆಸೆ. ಅಂಗಡಿಯಲ್ಲಿ ನೋಡುವಂಥದ್ದು ಏನು ಉಳಿದಿದೆ? ಯಾವ ಊರಿಗೆ ಯಾವ ಹೊತ್ತಿನಲ್ಲಿ ಹೋದರೆ ಸರಿ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಶಾಸನಪ್ರಿಯ

ಅಂಗಡಿಯಿಂದ ಶುರುಮಾಡುವುದು ಒಳ್ಳೆಯ ಯೋಚನೆ, ಬಿಡಬೇಡಿ. ಬೇಲೂರು ನೋಡಿದ ಕಣ್ಣಲ್ಲಿ ಅಂಗಡಿಗೆ ಹೋದವರು "ಇಷ್ಟೇನಾ" ಅಂತ ವಾಪಸ್ ಬರುತ್ತಾರೆ. ಮೊದಲು ಅಲ್ಲಿಗೆ ಹೋದರೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಶಾಸನಗಳಲ್ಲಿ ಈ ಊರಿನ ಹೆಸರು ಸೊಸೆವೂರು. ಸಳ ಹುಲಿಯನ್ನು ಹೊಡೆದ ಕಥೆ ನಡೆಯುವುದು ಇಲ್ಲಿನ ವಾಸಂತಿಕಾ ದೇವಿಯ ಗುಡಿಯ ಮುಂದೆ. ಈಗ ಅದು ವಸಂತಮ್ಮನ ಗುಡಿ, ಪೂಜೆ ನಡೆಯುತ್ತಿದೆ. ಹತ್ತಿರದಲ್ಲೇ ಹಳೆಯ ಜೈನ ಬಸದಿಗಳಿವೆ, ಹೊಯ್ಸಳರ ಕಾಲದ ಕೇಶವ, ಪಾತಾಳರುದ್ರೇಶ್ವರ, ಮಲ್ಲಿಕಾರ್ಜುನ ಗುಡಿಗಳಿವೆ. ಹೊಯ್ಸಳ ದೊರೆ ವಿನಯಾದಿತ್ಯನ ಗುರು ಶಾಂತಿದೇವ ಮುನಿ 1062ರಲ್ಲಿ ಇಲ್ಲೇ ಸಮಾಧಿ ಹೊಂದಿದರೆಂದು ಶಾಸನ ಹೇಳುತ್ತದೆ. ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿಸಿದ ವಿಷ್ಣುವರ್ಧನ ಈ ವಿನಯಾದಿತ್ಯನ ಮೊಮ್ಮಗ. ಬಸದಿಗಳ ಗೋಡೆ ಹೆಚ್ಚುಕಡಿಮೆ ಬೋಳು. ಎರಡು ತಲೆಮಾರಿನೊಳಗೆ ಆ ಬೋಳು ಗೋಡೆ ಬೇಲೂರಿನ ಗೋಡೆಯಾಯಿತು ಅನ್ನುವುದನ್ನು ಮಗಳಿಗೆ ಅಲ್ಲೇ ನಿಂತು ಹೇಳಿ.

ಇದರ ಜೊತೆ ದೊಡ್ಡಗದ್ದವಳ್ಳಿಯನ್ನೂ ಸೇರಿಸಿಕೊಳ್ಳಬೇಕು. ಬೇಲೂರು ರಸ್ತೆಯಲ್ಲೇ ಸಿಗುತ್ತದೆ, ಮುಖ್ಯರಸ್ತೆಯಿಂದ ಸ್ವಲ್ಪ ಒಳಕ್ಕೆ ತಿರುಗಬೇಕು. ಅಲ್ಲಿನ ಲಕ್ಷ್ಮೀದೇವಿ ಗುಡಿಯನ್ನು ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು, 1113ರ ಸುಮಾರಿಗೆ. ನಾಲ್ಕು ಗರ್ಭಗುಡಿ. ಮೂರರ ಶಿಖರ ಕದಂಬ ಮಾದರಿಯ ಮೆಟ್ಟಿಲು ಮೆಟ್ಟಿಲಿನದು, ಒಂದಕ್ಕೆ ಮಾತ್ರ ತುಂಬು ಕೆತ್ತನೆ. ಕಾಳಿಯ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು ನಿಂತಿವೆ. ಇಲ್ಲಿ ಎತ್ತರದ ಜಗತಿ, ಅಂದರೆ ಗುಡಿ ನಿಲ್ಲುವ ಕಟ್ಟೆ, ಇಲ್ಲದಿರುವುದರಿಂದ ಅಮ್ಮನಿಗೂ ಸುಲಭ.

1113ಕ್ಕೆ ದೊಡ್ಡಗದ್ದವಳ್ಳಿ, 1117ಕ್ಕೆ ಬೇಲೂರು, 1121ರ ಸುಮಾರಿಗೆ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ. ಇಷ್ಟು ಹತ್ತಿರದ ವರ್ಷಗಳಲ್ಲಿ ಶಿಲ್ಪಿಗಳ ಕೈ ಎಷ್ಟು ಬೆಳೆಯಿತು ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮಲೆನಾಡ_ಹಾದಿ

ಮೇಲಿನವರು ಹೇಳಿದ ಕ್ರಮ ಸರಿ, ಆದರೆ ದೊಡ್ಡಗದ್ದವಳ್ಳಿಯನ್ನು ಅದೇ ದಿನಕ್ಕೆ ತುರುಕಬೇಡಿ. ಹಾಸನದವರೇ ಇದ್ದೀರಿ, ಇನ್ನೊಂದು ಭಾನುವಾರ ಬೆಳಿಗ್ಗೆ ಹೋಗಿಬರಬಹುದು. ಅಂಗಡಿಗೆ ಬೆಳಗಿನ ಹೊತ್ತೇ ಬೇಕು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹಿಡಿದುಕೊಂಡರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಮಂಡಿನೋವಿನವರನ್ನು ನಡೆಸುವುದು ಅಪಾಯ.

ಆರೂವರೆಗೆ ಹಾಸನ ಬಿಟ್ಟು ಬೇಲೂರಿನಲ್ಲಿ ತಿಂಡಿ ಮುಗಿಸಿ. ಪೆಟ್ರೋಲ್ ಅಲ್ಲೇ ತುಂಬಿಸಿ. ಅಲ್ಲಿಂದ ಮೂಡಿಗೆರೆ ಕಡೆಗೆ. ಮ್ಯಾಪಿನಲ್ಲಿ ಬರೀ "ಅಂಗಡಿ" ಅಂತ ಹಾಕಿದರೆ ಕಿರಾಣಿ ಅಂಗಡಿಗಳೇ ಬರುತ್ತವೆ. "ವಸಂತ ಪರಮೇಶ್ವರಿ ದೇವಸ್ಥಾನ, ಅಂಗಡಿ, ಮೂಡಿಗೆರೆ ತಾಲ್ಲೂಕು" ಅಂತ ಹುಡುಕಿ. ತೋಟದ ನಡುವಿನ ದಾರಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಒಳರಸ್ತೆ ಕಿರಿದು, ಎದುರಿಗೆ ಜೀಪು ಬಂದರೆ ಅಂಚಿನ ಹಸಿ ಮಣ್ಣಿಗೆ ಚಕ್ರ ಇಳಿಸಬೇಡಿ, ಹೂತುಕೊಳ್ಳುತ್ತದೆ. ಅಗಲ ಇರುವ ಕಡೆ ನಿಲ್ಲಿಸಿ ಅವರಿಗೆ ದಾರಿ ಬಿಡಿ.

ಮಳೆ ಬಿಟ್ಟು ಹೆಚ್ಚು ದಿನ ಆಗಿರದಿದ್ದರೆ ಬಸದಿ ಸುತ್ತಲಿನ ಹುಲ್ಲಿನಲ್ಲಿ ಇಂಬಳ (ಜಿಗಣೆ) ಇರುತ್ತದೆ. ಸುಣ್ಣ ಹೊಗೆಸೊಪ್ಪು ಬೆರೆಸಿದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿರಿ. ಕಚ್ಚಿದ್ದನ್ನು ಕಿತ್ತೆಸೆಯದೆ ಆ ಗಂಟನ್ನು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಸಂಜೆ ಕತ್ತಲಾದ ಮೇಲೆ ಈ ಭಾಗದ ಒಳರಸ್ತೆಯಲ್ಲಿ ಓಡಾಡಲೇಬೇಡಿ. ಬೇಲೂರು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಆನೆಗಳ ಓಡಾಟ ನಿಜವಾದದ್ದು, ತಿರುವಿನಲ್ಲಿ ದೀಪದ ಬೆಳಕಿಗೆ ಮೊದಲೇ ಕಾಣುವುದಿಲ್ಲ.

ಬಳಪದಕಲ್ಲು

ಬೆಳಕಿನ ವಿಚಾರ ಯಾರೂ ಹೇಳಲಿಲ್ಲ. ಬೇಲೂರಿನ ಗರ್ಭಗುಡಿ ಮಧ್ಯಾಹ್ನ ಒಂದರಿಂದ ಮೂರರ ತನಕ ಮುಚ್ಚಿರುತ್ತದೆ. ಅಂಗಡಿಯಿಂದ ಬಂದು ಊಟ ಮಾಡಿ ಮೂರಕ್ಕೆ ಒಳಗೆ ಹೋಗಿ. ಮದನಿಕೆಯರು, ಅಂದರೆ ಹೆಣ್ಣಿನ ಶಿಲ್ಪಗಳು, ಸೂರಿನ ಅಡಿಯಲ್ಲಿರುವುದರಿಂದ ನಡುಮಧ್ಯಾಹ್ನ ಆಕಾಶದ ಝಳಕ್ಕೆ ಕಪ್ಪಾಗಿಯೇ ಕಾಣುತ್ತಾರೆ, ಇಳಿಬಿಸಿಲಿನಲ್ಲಿ ಚೆನ್ನ. ಒಳಗಿನ ಮಂಟಪವಾದ ನವರಂಗದಲ್ಲಿ ಫ್ಲಾಶ್ ಹೊಡೆದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ನೆರಳು ಬಿದ್ದು ಗೆರೆಗೆರೆಯೂ ಎದ್ದು ಬರುತ್ತದೆ.

ಭಾನುವಾರ ಬೆಳಿಗ್ಗೆ ಬೆಳವಾಡಿ. ವೀರನಾರಾಯಣ ಗುಡಿಯ ಕಡೆದ ಕಂಬಗಳ ಹೊಳಪು ಬೆಳಗಿನ ಬೆಳಕಿಗೇ ಚೆಂದ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗಳಲ್ಲಿ ಅರ್ಚಕರನ್ನು ಕೇಳಿ. ಅಲ್ಲಿಂದ ಹಳೇಬೀಡು ಹತ್ತು ಹನ್ನೆರಡು ಕಿಲೋಮೀಟರ್, ಆದರೆ ನೇರ ಹೊಯ್ಸಳೇಶ್ವರಕ್ಕೆ ಹೋಗಬೇಡಿ. ಅದು ಪೂರ್ವಕ್ಕೆ ಮುಖ, ಕೆತ್ತನೆ ತುಂಬಿರುವುದು ಹಿಂದಿನ ಪಶ್ಚಿಮದ ಗೋಡೆಯಲ್ಲಿ, ಅಲ್ಲಿಗೆ ಬಿಸಿಲು ಬರುವುದೇ ಮಧ್ಯಾಹ್ನದ ಮೇಲೆ. ಮೊದಲು ಬಸದಿಹಳ್ಳಿಯ ಮೂರು ಬಸದಿ ಮುಗಿಸಿ. ಪಾರ್ಶ್ವನಾಥ ಬಸದಿಯ ಕಂಬದಲ್ಲಿ ಮಗಳ ಮುಖ ಕನ್ನಡಿಯಂತೆ ಕಾಣುತ್ತದೆ. ಮೂರೂವರೆಗೆ ದೊಡ್ಡ ಗುಡಿಗೆ ಬನ್ನಿ.

ಗೋಡೆಯನ್ನು ಕೆಳಗಿನಿಂದ ಓದಲು ಕಲಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತ ಭಾಗವತದ ಕಥೆ, ಮಕರ, ಹಂಸ. ಕಥೆಯ ಪಟ್ಟಿ ಹೆಚ್ಚುಕಡಿಮೆ ಮಗುವಿನ ಕಣ್ಣಳತೆಗೇ ಇದೆ. ಮುಟ್ಟಲು ಮಾತ್ರ ಬಿಡಬೇಡಿ. ಗಣಿಯಿಂದ ತೆಗೆದಾಗ ಈ ಬಳಪದ ಕಲ್ಲು ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದರೂ ಸವೆಯುತ್ತದೆ, ಕೈಯ ಎಣ್ಣೆ ಕೂರುತ್ತದೆ.

ಅಮ್ಮನಿಗೆ ದಪ್ಪ ಕಾಲುಚೀಲ ಹಾಕಿಸಿ. ಚಪ್ಪಲಿ ಹೊರಗೆ ಬಿಡಬೇಕು, ಕಾದ ಹಾಸುಗಲ್ಲು ಅಂಗಾಲು ಸುಡುತ್ತದೆ. ಜಗತಿಯ ಮೆಟ್ಟಿಲು ಕಷ್ಟವಾದರೆ ಅವರು ಕೆಳಗಿನ ಅಂಗಳದಲ್ಲೇ ಒಂದು ಸುತ್ತು ಬರಲಿ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಶನಿವಾರ ಅಂಗಡಿ, ಆಮೇಲೆ ಬೇಲೂರು, ರಾತ್ರಿ ಅಲ್ಲೇ ತಂಗುವುದು. ಭಾನುವಾರ ಬೆಳವಾಡಿ, ಬಸದಿಹಳ್ಳಿ, ಹೊಯ್ಸಳೇಶ್ವರ. ಬೆಳವಾಡಿಯಿಂದ ಊಟಕ್ಕೆ ಹಳೇಬೀಡಿಗೇ ಬರಬೇಕೋ, ಜಾವಗಲ್‌ಗೆ ಹೋಗಬೇಕೋ?

ಮಲೆನಾಡ_ಹಾದಿ

ಹಳೇಬೀಡಿಗೇ ಬನ್ನಿ. ಜಾವಗಲ್ ಇನ್ನೊಂದು ದಿಕ್ಕು, ಹೋಗಿ ಬರುವುದರಲ್ಲಿ ಬಸದಿಹಳ್ಳಿಗೆ ಸಮಯ ಸಾಲುವುದಿಲ್ಲ.