ಅಪ್‌ಡೇಟ್: ಶ್ಯಾಡೋ ಡಾಮ್ ಒಳಗೂ ಡಾರ್ಕ್ ಮೋಡ್ ಬಂತು

ಪುಟಕ್ಕೆ ಡಾರ್ಕ್ ಕ್ಲಾಸ್ ಹಾಕಿದರೂ ಶ್ಯಾಡೋ ಡಾಮ್ (ಪುಟದ ಉಳಿದ ಸ್ಟೈಲ್‌ಗಳಿಂದ ಪ್ರತ್ಯೇಕವಾದ ಒಳಭಾಗ) ಇರುವ ನಮ್ಮ ಕಾರ್ಡ್ ಕಾಂಪೊನೆಂಟ್ ಮಾತ್ರ ಬೆಳ್ಳಗೇ ಉಳಿಯುತ್ತದೆ, ಯಾಕೆ ಅಂತ ಕೇಳಿದ್ದೆ. ಈಗ ಸರಿಹೋಗಿದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದೇ ಕಾರಣ. ಹೊರಗಿನ ಸಿಎಸ್‌ಎಸ್ ಸೆಲೆಕ್ಟರ್‌ಗಳು (ಸ್ಟೈಲ್ ಯಾವ ಭಾಗಕ್ಕೆ ಅಂತ ಹೇಳುವವು) ಶ್ಯಾಡೋ ಡಾಮ್ ಗಡಿ ದಾಟುವುದಿಲ್ಲ. ಆದರೆ ಕಸ್ಟಮ್ ಪ್ರಾಪರ್ಟಿಗಳು (ನಾವೇ ಹೆಸರಿಟ್ಟ ಸಿಎಸ್‌ಎಸ್ ಬೆಲೆಗಳು) ಇನ್ಹೆರಿಟ್ ಆಗುತ್ತವೆ, ಅಂದರೆ ಮೇಲಿನ ಎಲಿಮೆಂಟ್‌ನಿಂದ ಒಳಗಿನದಕ್ಕೆ ಬರುತ್ತವೆ, ಹಾಗಾಗಿ ಸಲೀಸಾಗಿ ಒಳಗೆ ಇಳಿಯುತ್ತವೆ. ಈಗ ಬಣ್ಣಗಳೆಲ್ಲ ರೂಟ್‌ನಲ್ಲಿ (ಪುಟದ ಅತಿ ಮೇಲಿನ ಎಲಿಮೆಂಟ್) ಟೋಕನ್‌ಗಳಾಗಿವೆ, ಅಂದರೆ ಅಂಥ ಕಸ್ಟಮ್ ಪ್ರಾಪರ್ಟಿಗಳಾಗಿವೆ. ಕಾರ್ಡ್ ಒಳಗೆ ಆ ಟೋಕನ್‌ಗಳ ಬೆಲೆ ತರುವ ವಾರ್ ಫಂಕ್ಷನ್ ಮಾತ್ರ. ಟೋಕನ್‌ಗಳಿಗೆ ಬಣ್ಣದ ಹೆಸರು ಬೇಡ. ಹಿನ್ನೆಲೆ, ಪಠ್ಯ, ಅಂಚು ಅಂತ ಕೆಲಸದ ಹೆಸರೇ ಇರಲಿ. ಮೋಡ್ ಬದಲಾದರೂ ಹೆಸರು ಹೊಂದುತ್ತದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಲೈಟ್-ಡಾರ್ಕ್ ಫಂಕ್ಷನ್. 2024ರ ಮೇ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದಿದೆ. ಲೈಟ್, ಡಾರ್ಕ್ ಎರಡೂ ಮೋಡ್‌ನ ಬಣ್ಣ ಒಂದೇ ಸಾಲಿನಲ್ಲಿ ಬರೆಯಬಹುದು. ಮೀಡಿಯಾ ಕ್ವೆರಿಯಲ್ಲಿ (ಸಾಧನದ ಸೆಟ್ಟಿಂಗ್ ನೋಡಿ ಸ್ಟೈಲ್ ಹಾಕುವ ನಿಯಮ) ಸುಮ್ನೆ ಎಲ್ಲವನ್ನೂ ಮತ್ತೆ ಬರೆಯಬೇಕಿಲ್ಲ. ಆದರೆ ರೂಟ್‌ಗೆ ಕಲರ್-ಸ್ಕೀಮ್ (ಯಾವ ಮೋಡ್‌ಗಳು ನಡೆಯುತ್ತವೆ ಅಂತ ಬ್ರೌಸರ್‌ಗೆ ಹೇಳುವ ಪ್ರಾಪರ್ಟಿ) ‘ಲೈಟ್ ಡಾರ್ಕ್’ ಅಂತ ಕೊಡಲೇಬೇಕು, ಇಲ್ಲದಿದ್ದರೆ ಯಾವಾಗಲೂ ಲೈಟ್ ಬಣ್ಣವೇ ಬರುತ್ತದೆ. ಕೊಟ್ಟರೆ ಡಾರ್ಕ್ ಮೋಡ್‌ನಲ್ಲಿ ಸ್ಕ್ರಾಲ್‌ಬಾರ್, ಇನ್‌ಪುಟ್ ಬಾಕ್ಸ್‌ಗಳೂ ಡಾರ್ಕ್ ಆಗುತ್ತವೆ.

ಬಳಕೆದಾರರು ಬಟನ್ ಒತ್ತಿ ಮೋಡ್ ಬದಲಿಸುವಾಗಲೂ ಅಷ್ಟೇ, ರೂಟ್‌ನ ಕಲರ್-ಸ್ಕೀಮ್ ಒಂದನ್ನೇ ಬದಲಿಸಿದರೆ ಸಾಕು. ಅದೂ ಇನ್ಹೆರಿಟ್ ಆಗುತ್ತದಲ್ವಾ, ಕಾರ್ಡ್ ಕೂಡ ತಾನಾಗಿಯೇ ಬದಲಾಗುತ್ತದೆ.