ಪವರ್ ವಿಂಡೋ ತೆವಳುತ್ತಿದೆ, ಮೋಟರ್ ಬದಲಿಸಲೇಬೇಕಾ?

ಪ್ರಶ್ನೆ (ಬಳ್ಳಾರಿ): ನಮ್ಮದು 2014ರ ಹ್ಯಾಚ್‌ಬ್ಯಾಕ್. ಡ್ರೈವರ್ ಕಡೆಯ ಗ್ಲಾಸ್ ಸಲೀಸಾಗಿ ಇಳಿಯುತ್ತದೆ. ಮೇಲೆ ಬರುವಾಗ ಮಾತ್ರ ತೆವಳುತ್ತದೆ. ಕೊನೆಗೆ ನಾಲ್ಕು ಬೆರಳಿನಷ್ಟು ಬಾಕಿ ಇರುವಾಗ ನಿಂತೇಬಿಡುತ್ತದೆ. ಕೈಯಿಂದ ಸ್ವಲ್ಪ ಎತ್ತಿದರೆ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಇನ್ನೂ ಜಾಸ್ತಿ. ಗ್ಯಾರೇಜಿನವರು ಡೋರ್ ಬಿಚ್ಚಿ ನೋಡದೆಯೇ "ಮೋಟರ್ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು, ನಾಲ್ಕೂವರೆ ಸಾವಿರ" ಎಂದರು. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ): ಸದ್ಯಕ್ಕೆ ಬೇಡ. ಬಳ್ಳಾರಿ ಗಾಡಿ ಅಂದಮೇಲೆ ನನ್ನ ಮೊದಲ ಅನುಮಾನ ಮೋಟರ್ ಮೇಲಲ್ಲ, ಧೂಳಿನ ಮೇಲೆ.

ಗ್ಲಾಸ್ ಓಡಾಡುವುದು ಎರಡೂ ಬದಿಯ ರಬ್ಬರ್ ಚಾನೆಲ್ ಒಳಗೆ. ಆ ರಬ್ಬರಿನ ಒಳಮೈಗೆ ವೆಲ್ವೆಟ್ ತರಹದ ನುಣುಪು ಪದರ ಇರುತ್ತದೆ. ಗ್ಲಾಸ್ ಜಾರುವುದು ಅದರ ಮೇಲೆಯೇ. ಅದರಲ್ಲಿ ಕೆಂಪು ಧೂಳು ಕೂತು, ಮಳೆನೀರು ಬಿದ್ದು, ಮತ್ತೆ ಒಣಗಿದರೆ ಗಟ್ಟಿ ಪೇಸ್ಟ್ ಆಗುತ್ತದೆ. ಇಳಿಯುವಾಗ ಗ್ಲಾಸಿನ ತೂಕವೇ ಸಹಾಯ ಮಾಡುವುದರಿಂದ ಗೊತ್ತಾಗುವುದಿಲ್ಲ. ಏರುವಾಗ ಮೋಟರ್ ತೂಕವನ್ನೂ ಎತ್ತಬೇಕು, ಈ ಹಿಡಿತವನ್ನೂ ಬಿಡಿಸಬೇಕು. ಬಿಸಿಲಲ್ಲಿ ಎರಡು ಕಡೆಯಿಂದ ತೊಂದರೆ. ಹಳೆಯ ರಬ್ಬರ್ ಗ್ಲಾಸಿಗೆ ಇನ್ನಷ್ಟು ಅಂಟುತ್ತದೆ, ಬಿಸಿಯಾದ ಮೋಟರ್ ಸುರುಳಿಗೆ ಬಲ ಕಡಿಮೆ.

ನಿಜ, ಕಾರ್ಬನ್ ಬ್ರಷ್ (ಮೋಟರ್ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತುಂಡು) ಸವೆದ ಮೋಟರ್ ಕೂಡ ಹೀಗೇ ಮಾಡುತ್ತದೆ. ಬೇರೆ ಮಾಡಿ ನೋಡುವುದು ಹೇಗೆ? ರಾತ್ರಿ ಕಾರಿನ ಒಳಗಿನ ಲೈಟ್ ಹಾಕಿ, ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ಸ್ವಿಚ್ ಎತ್ತಿ. ಗ್ಲಾಸ್ ತಿಣುಕುವ ಹೊತ್ತಿಗೆ ಲೈಟ್ ಮಂಕಾದರೆ ಮೋಟರಿಗೆ ಕರೆಂಟ್ ಚೆನ್ನಾಗಿ ಹೋಗುತ್ತಿದೆ, ಅದು ಯಾವುದಕ್ಕೋ ಎದುರಾಗಿ ಒದ್ದಾಡುತ್ತಿದೆ ಎಂದರ್ಥ. ಲೈಟ್ ಒಂಚೂರೂ ಕದಲದಿದ್ದರೆ ಕರೆಂಟೇ ಸರಿಯಾಗಿ ತಲುಪುತ್ತಿಲ್ಲ. ಆಗ ಸ್ವಿಚ್, ವೈರ್, ಅರ್ತ್ ಅಥವಾ ಸವೆದ ಬ್ರಷ್ ಕಡೆ ನೋಡಬೇಕು.

ಇನ್ನೊಂದು. ವೇಗವನ್ನು ಅಳೆಯುವಾಗ ಎಂಜಿನ್ ಓಡುತ್ತಿರಲಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್ ಆಸುಪಾಸು, ಓಡುವಾಗ 14ರ ಹತ್ತಿರ. ಆ ಒಂದೂವರೆ ವೋಲ್ಟ್ ಗ್ಲಾಸಿನ ಓಟದಲ್ಲಿ ಕಣ್ಣಿಗೆ ಕಾಣುತ್ತದೆ. ಪಾರ್ಕಿಂಗಿನಲ್ಲಿ ಎಂಜಿನ್ ಆಫ್ ಮಾಡಿ "ನಿಧಾನ" ಎಂದು ಬರುವವರು ನನ್ನ ಹತ್ತಿರ ಬಹಳ ಜನ.

ಬಳ್ಳಾರಿ: ಲೈಟ್ ಚೆನ್ನಾಗಿಯೇ ಮಂಕಾಗುತ್ತದೆ ಸರ್. ಕ್ಲೀನ್ ಮಾಡುವುದು ಮನೆಯಲ್ಲೇ ಆಗುತ್ತದಾ? ಮಾಡುವುದು ಹೇಗೆ?

ಉತ್ತರ: ಧಾರಾಳವಾಗಿ ಆಗುತ್ತದೆ. ಗ್ಲಾಸ್ ಪೂರ್ತಿ ಇಳಿಸಿ. ಪ್ಲಾಸ್ಟಿಕ್ ಸ್ಕೇಲಿಗೆ ತೆಳುವಾದ ಮೈಕ್ರೋಫೈಬರ್ ಬಟ್ಟೆ ಸುತ್ತಿ, ಒಂದು ಹನಿ ಕಾರ್ ಶಾಂಪೂ ಹಾಕಿದ ನೀರಲ್ಲಿ ಅದ್ದಿ ಹಿಂಡಿ, ಚಾನೆಲ್ ಒಳಗೆ ಮೇಲಿಂದ ಕೆಳಕ್ಕೆ ಎಳೆಯಿರಿ. ಎರಡೂ ಬದಿ, ಮೇಲಿನ ಅಂಚು, ಎಲ್ಲವೂ. ಬಟ್ಟೆ ಕಪ್ಪಾಗಿ ಬರುತ್ತದೆ, ನಿಮ್ಮ ಊರಲ್ಲಿ ಕೆಂಪಾಗಿ. ಶುಭ್ರವಾಗಿ ಬರುವವರೆಗೂ ಬಿಡಬೇಡಿ. ಸ್ಕ್ರೂಡ್ರೈವರ್ ಮಾತ್ರ ತೂರಿಸಬೇಡಿ, ವೆಲ್ವೆಟ್ ಕಿತ್ತುಹೋಗುತ್ತದೆ. ಒಮ್ಮೆ ಕಿತ್ತರೆ ಚಾನೆಲ್ ರಬ್ಬರೇ ಬದಲಿಸಬೇಕು.

ಡೋರಿನ ಸೊಂಟದ ಹತ್ತಿರ, ಗ್ಲಾಸ್ ಒಳಗೆ ಇಳಿಯುವ ಜಾಗದಲ್ಲಿ, ಒಳಗೊಂದು ಹೊರಗೊಂದು ಬೀಡಿಂಗ್ ಪಟ್ಟಿ ಇರುತ್ತದೆ. ಅದರ ತುಟಿಗಳನ್ನೂ ಒರೆಸಿ. ಗ್ಲಾಸ್ ಮೇಲೆ ಉದ್ದುದ್ದ ಗೀರುಗಳು ಕಾಣುತ್ತಿದ್ದರೆ ಅಲ್ಲಿ ಮರಳು ಸಿಕ್ಕಿಕೊಂಡಿದೆ ಎಂದೇ ಲೆಕ್ಕ.

ಎಲ್ಲ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಅದರ ಜೊತೆ ಬರುವ ಸಣ್ಣ ನಳಿಕೆ ಸಿಕ್ಕಿಸಿ ಚಾನೆಲ್ ಒಳಗೆ ಮಾತ್ರ ಹೊಡೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಗ್ಲಾಸನ್ನು ಪೂರ್ತಿ ಏರಿಸಿ ಇಳಿಸಿ. ಗ್ಲಾಸಿಗೆ ಹತ್ತಿದ್ದನ್ನು ಒರೆಸಿಬಿಡಿ. ಡೋರಿಗೆ ಸದ್ಯದಲ್ಲೇ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಈ ಸ್ಪ್ರೇ ಮುಂದಕ್ಕೆ ಹಾಕಿ. ಸಿಲಿಕೋನ್ ಹತ್ತಿದ ಮೈಗೆ ಪೇಂಟ್ ಕೂರುವುದಿಲ್ಲ, ಗುಳಿಗುಳಿ ಬೀಳುತ್ತದೆ.

ಪ್ರಶ್ನೆ (ಶಿವಮೊಗ್ಗ): ಇಷ್ಟೆಲ್ಲ ಯಾಕೆ? ನಾವು ಕೊಬ್ಬರಿ ಎಣ್ಣೆ ಸವರುತ್ತೇವೆ, ಬೆಣ್ಣೆ ತರಹ ಓಡುತ್ತದೆ. ಇಲ್ಲದಿದ್ದರೆ ಡಬ್ಲ್ಯೂಡಿ-40.

ಉತ್ತರ: ಓಡುತ್ತದೆ, ಒಂದು ವಾರ. ಆಮೇಲೆ ಆ ಎಣ್ಣೆಗೆ ಊರಿನ ಧೂಳೆಲ್ಲ ಬಂದು ಅಂಟುತ್ತದೆ, ಮೊದಲಿಗಿಂತ ಗಟ್ಟಿ. ಗ್ರೀಸ್, ಎಂಜಿನ್ ಆಯಿಲ್ ಇನ್ನೂ ಕೆಟ್ಟವು. ಚಾನೆಲ್ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಉಬ್ಬುತ್ತದೆ. ಉಬ್ಬಿದರೆ ಗ್ಲಾಸಿಗೆ ಹಿಡಿತ ಇನ್ನೂ ಜಾಸ್ತಿ, ಅಲ್ವಾ? ಮಾಮೂಲಿ ಡಬ್ಲ್ಯೂಡಿ-40 ತುಕ್ಕು ಹಿಡಿದ ಬೋಲ್ಟಿಗೆ ಒಳ್ಳೆಯದು, ಇಲ್ಲಿಗಲ್ಲ. ಅದೇ ಹೆಸರಲ್ಲಿ ಸಿಲಿಕೋನ್ ಸ್ಪ್ರೇ ಬೇರೆ ಡಬ್ಬಿಯಲ್ಲಿ ಬರುತ್ತದೆ, ಡಬ್ಬಿ ಓದಿ ತೆಗೆದುಕೊಳ್ಳಿ. ಗ್ರೀಸಿಗೂ ಜಾಗ ಇದೆ: ಡೋರ್ ಒಳಗೆ ಗ್ಲಾಸನ್ನು ಏರಿಸಿ ಇಳಿಸುವ ವಿಂಡೋ ಮೆಷಿನ್ನಿನ ಹಳಿಗೆ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಸವರಬಹುದು. ರಬ್ಬರಿಗೆ ತಾಗಿಸಬೇಡಿ ಅಷ್ಟೆ.

ಬಳ್ಳಾರಿ: ಸರ್, ಹೇಳಿದ ಹಾಗೆ ಮಾಡಿದೆ. ಬಟ್ಟೆಯಲ್ಲಿ ಬಂದ ಮಣ್ಣು ನೋಡಿ ಮನೆಯವರಿಗೆ ನಗು. ಈಗ ಮುಕ್ಕಾಲು ಭಾಗ ಸರಾಗ. ಆದರೆ ಆ ಕೊನೆಯ ನಾಲ್ಕು ಬೆರಳು ಮಾತ್ರ ಈಗಲೂ ಸತಾಯಿಸುತ್ತಿದೆ.

ಉತ್ತರ: ಡೋರಿಗೆ ಮಳೆ ವೈಸರ್, ಅಂದರೆ ಕಿಟಕಿಯ ಮೇಲಂಚಿನ ಪ್ಲಾಸ್ಟಿಕ್ ಮರೆ, ಹಾಕಿಸಿದ್ದೀರಾ? ಹೊರಗೆ ಅಂಟಿಸುವುದಲ್ಲ, ಚಾನೆಲ್ ಒಳಕ್ಕೆ ಸಿಕ್ಕಿಸುವ ಬಗೆಯದು?

ಬಳ್ಳಾರಿ: ಹೌದು! ಹೋದ ಮಳೆಗಾಲಕ್ಕೆ ಹಾಕಿಸಿದ್ದು. ಅದೂ ಕಾರಣ ಆಗುತ್ತದಾ?

ಉತ್ತರ: ಆಗುತ್ತದೆ. ಕಂಪನಿ ಆ ಚಾನೆಲ್ ಮಾಡಿದ್ದು ಗ್ಲಾಸಿನ ದಪ್ಪಕ್ಕೆ. ಅದೇ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ತೂರಿದರೆ ಗ್ಲಾಸ್ ಮೇಲೆ ಹೋಗುವಾಗ ಒತ್ತಿಕೊಂಡೇ ಹೋಗಬೇಕು. ಅದೂ ಸರಿಯಾಗಿ ಕೊನೆಯ ನಾಲ್ಕು ಬೆರಳಿನ ಜಾಗದಲ್ಲಿ. ವೈಸರ್ ತೆಗೆದು ನೋಡಿ. ಬೇಕೇ ಬೇಕು ಅಂದರೆ ಹೊರಗಿನ ಫ್ರೇಮಿಗೆ ಅಂಟಿಸುವಂಥದ್ದು ಹಾಕಿಸಿ. ಸನ್ ಫಿಲ್ಮ್ ಅಂಚು ಎದ್ದು ಬೀಡಿಂಗಿಗೆ ಸಿಕ್ಕಿಕೊಳ್ಳುವುದೂ ಇದೇ ಜಾತಿಯ ತೊಂದರೆ. ಆಕ್ಸೆಸರಿ ಹಾಕಿಸಿದ ಮೇಲೆ ಶುರುವಾದ ತೊಂದರೆಗೆ ಮೊದಲು ಆಕ್ಸೆಸರಿ ತೆಗೆದು ನೋಡಬೇಕು. ಮೋಟರ್ ಮಾರುವವರಿಗೆ ಇದು ಹೊಳೆಯುವುದೇ ಇಲ್ಲ.

ಬಳ್ಳಾರಿ: ತೆಗೆದೆ. ಒಂದೇ ಉಸಿರಿಗೆ ಮೇಲೆ ಹೋಯಿತು!

ಪ್ರಶ್ನೆ (ಮಂಗಳೂರು): ನಮ್ಮದು ಬೇರೆ ಕಥೆ. ಆಟೋ ಅಪ್ ಇರುವ ಕಾರು. ಬ್ಯಾಟರಿ ಬದಲಿಸಿದ ಮೇಲೆ ಒಂದೇ ಒತ್ತಿಗೆ ಗ್ಲಾಸ್ ಏರುತ್ತಿಲ್ಲ. ಕೆಲವೊಮ್ಮೆ ಮೇಲೆ ಹೋಗಿ ತಾನಾಗಿಯೇ ಕೆಳಗೆ ಬರುತ್ತದೆ.

ಉತ್ತರ: ಎರಡು ವಿಷಯ ಇವೆ. ಬ್ಯಾಟರಿ ತೆಗೆದಾಗ ಹಲವು ಕಾರುಗಳಲ್ಲಿ ಗ್ಲಾಸಿನ ಮೇಲಿನ ಕೊನೆ ಎಲ್ಲಿ ಎಂಬ ನೆನಪು ಅಳಿಸಿಹೋಗುತ್ತದೆ. ಮತ್ತೆ ಕಲಿಸಬೇಕು. ಸಾಮಾನ್ಯವಾಗಿ ಎಂಜಿನ್ ಆನ್ ಮಾಡಿ, ಗ್ಲಾಸ್ ಪೂರ್ತಿ ಏರಿಸಿ, ಏರಿದ ಮೇಲೂ ಸ್ವಿಚ್ ಕೆಲವು ಸೆಕೆಂಡ್ ಹಿಡಿದಿಟ್ಟುಕೊಳ್ಳುವುದು. ಮಾಡೆಲ್‌ನಿಂದ ಮಾಡೆಲ್‌ಗೆ ಕ್ರಮ ಬೇರೆ, ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಮೇಲೆ ಹೋಗಿ ವಾಪಸ್ ಬರುವುದು, ಮಕ್ಕಳ ಕೈ ಸಿಕ್ಕಿದರೆ ಬಿಡಲೆಂದು ಇಟ್ಟಿರುವ ಸುರಕ್ಷತೆ. ಚಾನೆಲ್ ಬಿಗಿಯಾದರೆ ಅದಕ್ಕೆ ಕೈ ಸಿಕ್ಕಿದ ಹಾಗೆಯೇ ಕಾಣುತ್ತದೆ. ಹಾಗಾಗಿ ಮೊದಲು ಕ್ಲೀನ್, ಆಮೇಲೆ ಕಲಿಸುವುದು.

ಪ್ರಶ್ನೆ (ಹಾಸನ): ಎಡಗಡೆ ಮುಂದಿನ ಗ್ಲಾಸ್ ಅದರದೇ ಸ್ವಿಚ್‌ನಲ್ಲಿ ಸರಿಯಾಗಿ ಓಡುತ್ತದೆ. ಡ್ರೈವರ್ ಹತ್ತಿರದ ಸ್ವಿಚ್‌ನಲ್ಲಿ ಎಳೆದು ಎಳೆದು ಓಡುತ್ತದೆ.

ಉತ್ತರ: ಹಾಗಾದರೆ ಮೋಟರ್, ಚಾನೆಲ್ ಎರಡೂ ಸರಿ ಇವೆ. ಡ್ರೈವರ್ ಬಳಿಯ ಮಾಸ್ಟರ್ ಸ್ವಿಚ್‌ನ ಒಳಗಿನ ತಾಮ್ರದ ಪಾಯಿಂಟುಗಳು ಸುಟ್ಟು ಕಪ್ಪಾಗಿರುತ್ತವೆ. ಬಾಗಿಲು ತೆರೆದಿದ್ದಾಗ ಮಳೆನೀರು ಬಿದ್ದ ಸ್ವಿಚ್‌ಗೆ ಇದು ಬೇಗ ಬರುತ್ತದೆ. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಕೆಲವು ಸರಿಹೋಗುತ್ತವೆ. ಇಲ್ಲದಿದ್ದರೆ ಸ್ವಿಚ್ ಮಾತ್ರ ಬದಲಿಸಿ.

ಎರಡೂ ಸ್ವಿಚ್‌ನಲ್ಲಿ ನಿಧಾನ ಇದ್ದರೆ ಮಾತು ಬೇರೆ. ಹಲವು ಕಾರುಗಳಲ್ಲಿ ಎಡಗಡೆಯ ಸ್ವಿಚ್‌ಗೂ ಅರ್ತ್ ಬರುವುದು ಮಾಸ್ಟರ್ ಸ್ವಿಚ್ ಮೂಲಕವೇ. ಆಗ ಮೋಟರಿನ ಕನೆಕ್ಟರಿನಲ್ಲಿ ಮೀಟರ್ ಹಿಡಿದು, ಗ್ಲಾಸ್ ಏರುತ್ತಿರುವಾಗಲೇ ವೋಲ್ಟೇಜ್ ನೋಡಬೇಕು. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 11 ಬಂದರೆ ಮಧ್ಯದಲ್ಲೆಲ್ಲೋ ಸೋರುತ್ತಿದೆ. ಡೋರ್ ಹಿಂಜ್ ಹತ್ತಿರ ರಬ್ಬರ್ ಕೊಳವೆಯೊಳಗೆ ಹೋಗುವ ವೈರುಗಳನ್ನು ನೋಡಿ. ಬಾಗಿಲು ಪದೇಪದೇ ತೆರೆದು ಮುಚ್ಚಿ ಅಲ್ಲೇ ಎಳೆಗಳು ತುಂಡಾಗುವುದು.

ಪ್ರಶ್ನೆ (ಧಾರವಾಡ): ಕಟಕಟ ಸದ್ದು, ಗ್ಲಾಸ್ ಒಂದು ಕಡೆ ವಾಲಿಕೊಂಡು ಏರುತ್ತದೆ. ಯೂಟ್ಯೂಬ್ ನೋಡಿ ನಾನೇ ಬಿಚ್ಚಲಾ?

ಉತ್ತರ: ಇದು ಸ್ಪ್ರೇಯಿಂದ ಹೋಗುವುದಲ್ಲ. ಮೆಷಿನ್ನಿನ ಕೇಬಲ್ ಹರಿಯುತ್ತಿದೆ ಅಥವಾ ಗ್ಲಾಸ್ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಒಡೆದಿದೆ. ಇನ್ನು ಸ್ವಿಚ್ ಮುಟ್ಟಬೇಡಿ, ಗ್ಲಾಸ್ ಡೋರ್ ಒಳಗೆ ಬಿದ್ದರೆ ಕೆಲಸ ಹೆಚ್ಚುತ್ತದೆ.

ಬಿಚ್ಚುವುದಾದರೆ ಗ್ಲಾಸನ್ನು ಮೇಲೆತ್ತಿ ಅಗಲವಾದ ಟೇಪಿನಿಂದ ಫ್ರೇಮಿಗೆ ಕಟ್ಟಿ. ಕೈ ಹಾಕುವ ಮೊದಲು ಮೋಟರಿನ ಕನೆಕ್ಟರ್ ಕಳಚಿ. ಕತ್ತರಿ ಮಾದರಿಯ ಮೆಷಿನ್ ಇದ್ದರೆ ಅದರಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆ. ಮೋಟರ್ ಬಿಚ್ಚಿದ ತಕ್ಷಣ ತೋಳು ಚಿಮ್ಮಿ ಬೆರಳಿಗೆ ಹೊಡೆಯುತ್ತದೆ. ಅಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೋಗಿ, ಹಟ ಬೇಡ. ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆಯ) ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ವಾಪಸ್ ಸರಿಯಾಗಿ ಅಂಟಿಸಿ. ಸುಮ್ನೆ ಹಾಳೆ ಅಂತ ಕಿತ್ತು ಬಿಸಾಡುವವರಿದ್ದಾರೆ. ಅದು ಇಲ್ಲದಿದ್ದರೆ ಮಳೆಗೆ ಕಾರಿನ ನೆಲವೆಲ್ಲ ಒದ್ದೆ. ಬಿಚ್ಚಿದಾಗ ಡೋರಿನ ತಳದ ನೀರು ಹೋಗುವ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ. ಅವು ಕಟ್ಟಿದರೆ ನೀರು ಒಳಗೇ ನಿಂತು ಮೆಷಿನ್ ತುಕ್ಕು ಹಿಡಿಯುತ್ತದೆ.

ಪ್ರಶ್ನೆ (ಶಿರಸಿ): ರಾತ್ರಿ ದಾರಿಯಲ್ಲಿ ಗ್ಲಾಸ್ ಕೆಳಗೇ ನಿಂತುಬಿಟ್ಟರೆ? ನಮ್ಮ ಕಡೆ ಮಳೆ ಬೇರೆ.

ಉತ್ತರ: ಮೊದಲು ಸ್ವಿಚ್ ಬಿಟ್ಟು ಹತ್ತು ನಿಮಿಷ ಸುಮ್ಮನಿರಿ. ಹಲವು ಮೋಟರುಗಳ ಒಳಗೆ ಬಿಸಿಯಾದರೆ ಕಟ್ ಆಗುವ ವ್ಯವಸ್ಥೆ ಇದೆ, ತಣ್ಣಗಾದರೆ ಮತ್ತೆ ಬರುತ್ತದೆ. ಎಲ್ಲ ಕಿಟಕಿಗಳೂ ಒಟ್ಟಿಗೆ ನಿಂತಿದ್ದರೆ ಫ್ಯೂಸ್ ನೋಡಿ. ಆಗಲೂ ಆಗದಿದ್ದರೆ ಎಂಜಿನ್ ಆನ್ ಮಾಡಿ, ಸ್ವಿಚ್ ಎತ್ತಿ ಹಿಡಿದು, ಡೋರ್ ಪ್ಯಾಡಿನ ಕೆಳಭಾಗಕ್ಕೆ ಮುಷ್ಟಿಯಿಂದ ಬಡಿಯಿರಿ. ಬ್ರಷ್ ಸವೆದ ಮೋಟರ್ ಒಮ್ಮೊಮ್ಮೆ ಹೀಗೆ ಏಳುತ್ತದೆ. ಎದ್ದಾಗ ಇನ್ನೊಬ್ಬರು ಎರಡೂ ಅಂಗೈಯನ್ನು ಗ್ಲಾಸಿನ ಎರಡೂ ಮೈಗೆ ಒತ್ತಿ ಮೇಲಕ್ಕೆ ತಳ್ಳಲಿ, ಮೇಲಿನ ಅಂಚಿಗೆ ಬೆರಳು ಹಾಕದೆ. ಮುಚ್ಚಿದ ಮೇಲೆ ಗ್ಯಾರೇಜ್ ಸಿಗುವವರೆಗೆ ಇಳಿಸಬೇಡಿ. ಇಂಥ ಮೋಟರಿಗೆ ಮಾತ್ರ ಹೊಸದು ಹಾಕಿಸಲೇಬೇಕು.